ಆರನೇ ಬಾಲ್ ಯಾರ ಪಾಲು?

ಓವರ್‌ಗೆ ಆರು ಬಾಲ್ ಅಂತ ಕ್ರಿಕೆಟ್ ನಿಯಮದ ಪುಸ್ತಕದಲ್ಲಿದೆ. ಟಿವಿಯಲ್ಲಿ ನಮಗೆ ಸಿಗೋದು ಐದೂವರೆ. ಆರನೇ ಬಾಲ್ ಬೌಲರ್ ಕೈ ಬಿಡುವ ತನಕ ನಮ್ಮದು, ಬ್ಯಾಟಿಗೆ ತಾಗಿದ ಮೇಲೆ ಜಾಹೀರಾತಿನವರದು. ಚೆಂಡು ಬೌಂಡರಿ ಕಡೆ ಓಡ್ತಿರ್ತದೆ, ಫೀಲ್ಡರ್ ಇನ್ನೂ ಬಗ್ಗಿಲ್ಲ, ಅಷ್ಟರಲ್ಲಿ ಒಬ್ಬ ಸಿನಿಮಾ ಹೀರೊ ಬೆಳ್ಳಿ ಡಬ್ಬಿ ತೆಗೆದು ಏಲಕ್ಕಿ ಬಾಯಿಗೆ ಹಾಕ್ಕೊಂಡು ನಗ್ತಾನೆ. ಫೋರ್ ಹೋಯ್ತೋ, ಒಂದು ರನ್ನೋ, ರನೌಟೋ? ಮೂವತ್ತು ಸೆಕೆಂಡ್ ಆದ ಮೇಲೆ ಮೂಲೆಯ ಸ್ಕೋರು ನೋಡಿ ಲೆಕ್ಕ ಹಾಕ್ಕೋಬೇಕು. ವಿಕೆಟ್ ಬಿದ್ದರಂತೂ ಕೇಳಲೇಬೇಡಿ. ಬೌಲರ್ ಎರಡೂ ಕೈ ಎತ್ತಿ ಓಡೋಕೆ ಶುರು ಮಾಡಿರ್ತಾನೆ, ನಾವು ಸಿಮೆಂಟ್ ಚೀಲ ನೋಡ್ತಾ ಕೂತಿರ್ತೀವಿ.

ನಮ್ಮ ಕಡೆ ಮಂದಿಗೆ ತೂಕದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಅಂದ್ರೆ ಕಬ್ಬು. ಕಬ್ಬು ಕಡಿದು, ಟ್ರ್ಯಾಕ್ಟರಿಗೆ ಹೇರಿ, ಕಾರ್ಖಾನೆ ಮುಂದೆ ರಾತ್ರಿಯೆಲ್ಲ ಪಾಳಿ ಹಚ್ಚಿ, ತೂಕದ ಕಾಟಾದ ಮೇಲೆ ಗಾಡಿ ಹತ್ತಿದಾಗ ರೈತನ ಕಣ್ಣು ಎಲ್ಲಿರ್ತದೆ? ಆ ಕೆಂಪು ಅಂಕಿ ಮೇಲೆ. ಅಲ್ಲಿ ಹತ್ತು ಕಿಲೊ ಹೆಚ್ಚುಕಮ್ಮಿ ಕಂಡರೆ ಸಾಕು, ಗೇಟಿನ ಮುಂದೆ ಜಗಳ. ಟನ್ನಿಗೆ ನೂರು ರೂಪಾಯಿ ಸಲುವಾಗಿ ರಸ್ತೆ ಬಂದ್ ಮಾಡೋ ಮಂದಿ ನಾವು. ಅದೇ ಮಂದಿ ಸಂಜಿಗೆ ಮನೆಗೆ ಬಂದು, ದುಡ್ಡು ಕೊಟ್ಟು ಕೊಂಡ ಮ್ಯಾಚಿನಲ್ಲಿ ಪ್ರತಿ ಓವರಿಗೂ ಅರ್ಧ ಬಾಲ್ ಕಡಿಮೆ ತೂಗಿಸಿಕೊಂಡು ಸುಮ್ಮನೆ ಕೂಡ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ.

"ಬಿಡ್ರೀ, ಒಂದ್ ಜಾಹೀರಾತಿಗೆ ಎಷ್ಟ್ ತಲಿ ಕೆಡಿಸ್ಕೊಂತೀರಿ" ಅಂತ ಬೆಂಗಳೂರಿನ ಆಫೀಸಿನಲ್ಲಿ ಗೆಳೆಯರು ನಗ್ತಾರೆ. ಅವರ ಮನೆಯಲ್ಲಿ ಐವತ್ತೈದು ಇಂಚಿನ ಟಿವಿ ಇದೆ. ಬೇಕಾದ್ರೆ ಹಿಂದಕ್ಕೆ ತಿರುಗಿಸಿ ನೋಡ್ತಾರೆ, ಇಲ್ಲಾ ಆಫೀಸಿಂದ ಟಿಕೆಟ್ ಹೊಂದಿಸಿಕೊಂಡು ಚಿನ್ನಸ್ವಾಮಿಗೇ ಹೋಗ್ತಾರೆ. ಅವರೊಮ್ಮೆ ರಬಕವಿ-ಬನಹಟ್ಟಿಯ ಒಂದು ಪಾವರ್‌ಲೂಮ್ ಶೆಡ್‌ಗೆ ಬಂದು ಮ್ಯಾಚ್ ನೋಡಬೇಕು. ಹತ್ತು ಮಗ್ಗ ಒಟ್ಟಿಗೆ ಖಟಾಖಟ್ ಅಂತಿರ್ತಾವೆ. ಪಕ್ಕದಾಗ ನಿಂತವನಿಗೆ ಮಾತು ಹೇಳಬೇಕಾದ್ರೆ ಕಿವಿಗೆ ಬಾಯಿ ಹಚ್ಚಬೇಕು. ಗೋಡೆಗೆ ಒಂದು ಸಣ್ಣ ಟಿವಿ, ಅದರ ದನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೇಕಾರ ನೂಲು ಹರೀತೋ, ಕಂಡಿಕೆ ಮುಗೀತೋ ಅಂತ ಒಂದು ಕಣ್ಣು ಮಗ್ಗದ ಮೇಲಿಟ್ಟು, ಇನ್ನೊಂದು ಕಣ್ಣಲ್ಲಿ ಸ್ಕೋರ್ ನೋಡ್ತಾನೆ. ಆತನಿಗೆ ಕಾಮೆಂಟ್ರಿ ಇಲ್ಲ, ಚಿತ್ರ ಒಂದೇ ಆಟ. ಲಾಳಿ ಆ ಕಡೆಯಿಂದ ಈ ಕಡೆ ಹೋಗಿ ಬರೋದರೊಳಗೆ ಒಮ್ಮೆ ತಲೆ ಎತ್ತಿದಾಗ ಕಾಣಬೇಕಾದ್ದು ಚೆಂಡು. ಕಾಣೋದು ಏನು? ಚಿತ್ರ ಸಣ್ಣದಾಗಿ ಮೂಲೆಗೆ ಸರಿದಿರ್ತದೆ, ಕೆಳಗೆ ಮತ್ತು ಬದಿಗೆ ಬಣ್ಣದ ಡಬ್ಬಿ, ಬನಿಯನ್ನು, ಮೊಬೈಲು. ಸ್ಕೋರಿನ ಪಟ್ಟಿ ಅದರ ನಡುವೆ ಎಲ್ಲೋ ಇರುವೆ ಸಾಲಿನ ಹಾಗೆ.

ಈಗ ಸ್ವಲ್ಪ ಲೆಕ್ಕ. ಒಂದು ಟಿ20 ಮ್ಯಾಚಿನಲ್ಲಿ ನಲವತ್ತು ಓವರ್. ಓವರ್ ನಡುವಿನ ಬಿಡುವು ಒಂದು ಇನಿಂಗ್ಸಿಗೆ ಹತ್ತೊಂಬತ್ತು, ಎರಡಕ್ಕೂ ಸೇರಿ ಮೂವತ್ತೆಂಟು. ಐಪಿಎಲ್‌ನಲ್ಲಿ ಇದು ಸಾಲದು ಅಂತ 2009ರಲ್ಲಿ ಸ್ಟ್ರಾಟೆಜಿಕ್ ಟೈಮ್‌ಔಟ್ ಅನ್ನೋದು ಬಂತು. ಈಗ ಮ್ಯಾಚಿಗೆ ನಾಲ್ಕು ಸಲ, ಎರಡೂವರೆ ನಿಮಿಷದ್ದೊಂದು. ಹತ್ತು ನಿಮಿಷ ಅಲ್ಲೇ ಹೋಯ್ತು. ತಂತ್ರ ಹೂಡೋಕೆ ಅಂತ ಹೆಸರು. ಮೊದಲ ತಂತ್ರ ಯಾರ ಕಿಸೆ ತುಂಬಿಸೋಕೆ ಅನ್ನೋದು ಎಲ್ಲರಿಗೂ ಗೊತ್ತಿದೆ. ಇನಿಂಗ್ಸ್ ನಡುವಿನ ವಿರಾಮ ಬೇರೆ. ವಿಕೆಟ್ ಬಿದ್ದಾಗ ಹೊಸ ಬ್ಯಾಟರ್ ಬರುವ ಹೊತ್ತು ಬೇರೆ. ಮೂರನೇ ಅಂಪೈರ್ ನೋಡುವ ಹೊತ್ತು ಬೇರೆ. ಇಷ್ಟು ಜಾಗ ಕೊಟ್ಟ ಮೇಲೂ ಚೆಂಡು ಓಡುವಾಗಲೇ ಕೈ ಹಾಕಬೇಕೇ?

ಆ ಹಸಿವಿನ ಕಾರಣ ಅಂಕಿಯಲ್ಲಿದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ಹರಾಜಿನಲ್ಲಿ ಲೆಕ್ಕ ಹಿಡಿದದ್ದು 410 ಮ್ಯಾಚು. ಭಾಗಿಸಿ ನೋಡಿ, ಒಂದು ಮ್ಯಾಚಿಗೆ 118 ಕೋಟಿ. ಮ್ಯಾಚಿನಲ್ಲಿ ಹೆಚ್ಚೆಂದರೆ 240 ನ್ಯಾಯವಾದ ಬಾಲ್. ಅಂದ್ರೆ ಒಂದು ಬಾಲಿಗೆ ಸುಮಾರು 49 ಲಕ್ಷ. ಬೀಳಗಿ ಮೈದಾನದಲ್ಲಿ ನಮ್ಮ ಹುಡುಗರು ಒಂದು ಟೆನಿಸ್ ಬಾಲ್ ಬಾವಿಗೆ ಬಿದ್ದರೆ ಇಡೀ ಮಧ್ಯಾಹ್ನ ಬಕೆಟ್ ಬಿಟ್ಟು ಹುಡುಕ್ತಾರೆ. ಅಲ್ಲಿ ಒಂದು ಬಾಲಿಗೆ ಅರ್ಧ ಕೋಟಿ! ಕೊಂಡವರು ಆ ದುಡ್ಡನ್ನು ಎಲ್ಲಿಂದ ತೆಗೀಬೇಕು? ನಮ್ಮ ಕಣ್ಣಿನಿಂದ.

ಹಾಗಂತ ನಾನು ಜಾಹೀರಾತೇ ಬೇಡ ಅನ್ನೋನಲ್ಲ. ಜಾಹೀರಾತು ಇಲ್ಲದಿದ್ದರೆ ಇಷ್ಟು ಕ್ಯಾಮೆರಾ, ಇಷ್ಟು ಮಂದಿ, ಕನ್ನಡದಲ್ಲಿ ಕಾಮೆಂಟ್ರಿ ಯಾವುದೂ ಬರ್ತಿರಲಿಲ್ಲ. ದೂರದರ್ಶನದ ಕಾಲದ 'ರುಕಾವಟ್ ಕೆ ಲಿಯೇ ಖೇದ್ ಹೈ' ಫಲಕ ನೋಡಿ ಬೆಳೆದ ತಲೆಮಾರು ನಮ್ಮದು. ಆಂಟೆನಾ ತಿರುಗಿಸೋಕೆ ಮಾಳಿಗೆ ಹತ್ತಿದವನನ್ನು ಅಲ್ಲೇ ನಿಲ್ಲಿಸಿ "ಹಂಗ ಹಿಡಕೊಂಡ್ ನಿಂದ್ರೋ, ಈಗ ಛಲೋ ಕಾಣಾಕತ್ತೈತಿ" ಅಂದ ಕಾಲ ಅದು. ಅದಕ್ಕೆ ಹೋಲಿಸಿದರೆ ಈಗಿನ ಚಿತ್ರ ಸ್ವರ್ಗ. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಅಂಥವರು ಕನ್ನಡದಲ್ಲಿ ಆಟ ಬಿಡಿಸಿ ಹೇಳುವಾಗ, ಇಂಗ್ಲಿಷ್ ಬಾರದ ನಮ್ಮ ಮನೆಯ ಹೆಂಗಸರೂ ಎಲ್‌ಬಿಡಬ್ಲ್ಯು ಬಗ್ಗೆ ವಾದ ಮಾಡೋ ಹಾಗಾಗಿದೆ. ಅದು ಸಣ್ಣ ಮಾತಲ್ಲ. ಬಿಡುವಿನಲ್ಲಿ ಜಾಹೀರಾತು ಹಾಕ್ಕೊಳ್ರಿ, ಯಾರು ಬೇಡ ಅಂದ್ರು? ಅಂತರರಾಷ್ಟ್ರೀಯ ಏಕದಿನ ಮತ್ತು ಟಿ20 ಪಂದ್ಯಗಳಲ್ಲಿ ಒಂದು ಓವರ್ ಮುಗಿದು ಮುಂದಿನ ಓವರ್ ಶುರುವಾಗೋಕೆ 60 ಸೆಕೆಂಡ್ ಅಂತ ಐಸಿಸಿ 2024ರ ಜೂನ್‌ನಿಂದ ಗಡಿಯಾರವನ್ನೇ ಇಟ್ಟಿದೆ. ಅರವತ್ತರಲ್ಲಿ ಮೂವತ್ತು ತಗೊಳ್ರಿ, ನಲವತ್ತು ತಗೊಳ್ರಿ. ಚೆಂಡು ಸತ್ತ ಮೇಲೆ ತಗೊಳ್ರಿ ಅನ್ನೋದಷ್ಟೇ ನನ್ನ ಮಾತು.

ಯಾಕಂದ್ರೆ ಓವರ್ ಮುಗಿದ ಮೇಲೆ ಏನೂ ನಡೆಯೋದಿಲ್ಲ ಅನ್ನೋದು ಆಟ ಗೊತ್ತಿಲ್ಲದವರ ಮಾತು. ಕ್ಯಾಪ್ಟನ್ ಬೌಲರ್ ಹೆಗಲ ಮೇಲೆ ಕೈ ಹಾಕಿ ಏನೋ ಹೇಳ್ತಾನೆ. ಮಿಡ್‌ಆನ್‌ನಲ್ಲಿದ್ದವನನ್ನು ಹಿಂದಕ್ಕೆ ಕಳಿಸ್ತಾನೆ, ಥರ್ಡ್‌ಮ್ಯಾನ್ ಒಳಗೆ ಬರ್ತಾನೆ. ಇಬ್ಬರು ಬ್ಯಾಟರ್‌ಗಳು ನಡುಪಿಚ್ಚಿನಲ್ಲಿ ಗ್ಲೌಸ್ ತಾಗಿಸಿ ಮಾತಾಡ್ತಾರೆ. ಮುಂದಿನ ಓವರ್ ಹುಟ್ಟೋದೇ ಆ ಹೊತ್ತಲ್ಲಿ. ಮುಧೋಳ, ಜಮಖಂಡಿ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈಲ್ವಾನರು ಕಣಕ್ಕಿಳಿದು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಒಬ್ಬರ ಕೈಗೊಬ್ಬರು ಮಣ್ಣು ಕೊಟ್ಟು, ಸುತ್ತು ಹಾಕ್ತಾ ಅಳೆಯೋದನ್ನ ಮಂದಿ ಉಸಿರು ಬಿಗಿಹಿಡಿದು ನೋಡ್ತಾರೆ. ಹಲಗಿ ಬಡಿತ ಅಲ್ಲಿಂದಲೇ ಏರೋದು. ಬರೀ ಚಿತ್ ಆದ ಕ್ಷಣ ತೋರಿಸಿ ಉಳಿದದ್ದು ತೆಗೆದರೆ ಯಾವ ಮುತ್ತ್ಯಾನೂ ಅದನ್ನು ಕುಸ್ತಿ ಅನ್ನೋದಿಲ್ಲ. 2025ರ ಜೂನ್ 3ರ ಐಪಿಎಲ್ ಫೈನಲ್ ನೆನಪು ಮಾಡಿಕೊಳ್ಳಿ. ಪಂಜಾಬಿಗೆ ಕೊನೇ ಓವರಿನಲ್ಲಿ 29 ರನ್ ಬೇಕಿತ್ತು. ಹೇಜಲ್‌ವುಡ್‌ನ ಮೊದಲ ಎರಡು ಬಾಲಿಗೆ ರನ್ ಬರಲಿಲ್ಲ, ಬೌಂಡರಿ ಹತ್ತಿರ ನಿಂತ ಕೊಹ್ಲಿ ಕಣ್ಣಲ್ಲಿ ನೀರು. ಆಮೇಲೆ ಶಶಾಂಕ್ ಸಿಂಗ್ ಹೊಡೆದ ಸಿಕ್ಸರ್‌ಗಳು ಇವತ್ತು ಎಷ್ಟು ಜನಕ್ಕೆ ನೆನಪಿವೆ? ಆರು ರನ್ನಿನ ಗೆಲುವಿನಲ್ಲಿ ಹದಿನೆಂಟು ವರ್ಷ ಕಾದವರ ನೆನಪಲ್ಲಿ ಉಳಿದದ್ದು ಬಾಲ್ ಮತ್ತು ಬಾಲ್ ನಡುವೆ ಕ್ಯಾಮೆರಾ ಹಿಡಿದ ಆ ಮುಖ. ಅದು ಓವರಿನ ಎರಡನೇ ಬಾಲ್ ಆದ ಮೇಲೆ ಆಯ್ತು, ನಮ್ಮ ಪುಣ್ಯ. ಆರನೇ ಬಾಲ್ ಆದ ಮೇಲೆ ಆಗಿದ್ದರೆ ಆ ಕಣ್ಣೀರಿನ ಜಾಗದಲ್ಲಿ ಗೋಡೆಗೆ ಹಚ್ಚೋ ಬಣ್ಣ ಇರ್ತಿತ್ತು.

ಇನ್ನೊಂದು ಮಾತಿದೆ, ಇದು ಬೆಂಗಳೂರಿನವರಿಗೆ ಹೊಳೆಯೋದಿಲ್ಲ. ನಮ್ಮ ಊರುಗಳಲ್ಲಿ ಕ್ರಿಕೆಟ್ ಕೋಚ್ ಅಂತ ಯಾರೂ ಇರೋದಿಲ್ಲ. ಟಿವಿನೇ ಕೋಚ್. ನಾನು ಲೆಗ್‌ಸ್ಪಿನ್ನಿನ ಹಿಡಿತ ಕಲಿತದ್ದು, ಸ್ಲಿಪ್ ಎಲ್ಲಿ ನಿಲ್ಲಬೇಕು ಅಂತ ತಿಳಿದದ್ದು ಪಕ್ಕದ ಮನೆಯ ಕಟ್ಟೆ ಮೇಲೆ ಕೂತು ಟಿವಿ ನೋಡಿ. ಅವರ ಮನೆ ಕಿಟಕಿಯಿಂದ ಹದಿನೈದು ಹುಡುಗರು ಇಣುಕ್ತಿದ್ವಿ. ಫೀಲ್ಡಿಂಗ್ ಬದಲಾಗೋದು ಓವರ್ ನಡುವೆ. ಅದನ್ನೇ ತೋರಿಸದಿದ್ದರೆ ಹಳ್ಳಿ ಹುಡುಗ ಕಲಿಯೋದು ಏನನ್ನ? ಸಿಕ್ಸ್ ಹೊಡೆಯೋದನ್ನ ಮತ್ತು ಪಾನ್ ಮಸಾಲಾ ಡಬ್ಬಿ ಸ್ಟೈಲಾಗಿ ತೆಗೆಯೋದನ್ನ.

ಇದೆಲ್ಲ ಬರೀ ಅಳು ಅಂದುಕೊಳ್ಳಬೇಡಿ. ಇದಕ್ಕೆ ಕಾನೂನೂ ಇದೆ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು, 1994. ಅದರಲ್ಲಿ ನಿಯಮ 7 ಅಂದ್ರೆ ಜಾಹೀರಾತು ಸಂಹಿತೆ. 7(10) ತೆಗೆದು ಓದಿ. ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಕಾಣಬೇಕು, ಯಾವ ರೀತಿಯಲ್ಲೂ ಕಾರ್ಯಕ್ರಮಕ್ಕೆ ಅಡ್ಡಿ ಮಾಡಬಾರದು ಅಂತ ಇದೆ. ಅಡ್ಡಿ ಅಂದ್ರೆ ಏನು ಅನ್ನೋದಕ್ಕೆ ಅವರೇ ಉದಾಹರಣೆ ಕೊಟ್ಟಿದ್ದಾರೆ: ಕಾರ್ಯಕ್ರಮ ನಡೆಯುವಾಗ ಪರದೆಯ ಕೆಳಭಾಗವನ್ನು ನಿಂತ ಅಥವಾ ಓಡುವ ಬರಹಕ್ಕೆ ಬಳಸೋದು. ಇದನ್ನು ಮೊದಲ ಸಲ ಓದಿದಾಗ ನಾನು ಎರಡು ಸಲ ಕಣ್ಣು ಉಜ್ಜಿಕೊಂಡೆ. ಪ್ರತಿ ಮ್ಯಾಚಿನಲ್ಲಿ, ಪ್ರತಿ ಓವರಿನಲ್ಲಿ ನಾವು ನೋಡ್ತಿರೋದನ್ನೇ ಹೆಸರಿಟ್ಟು ಬೇಡ ಅಂದಿದ್ದಾರೆ! ಅದರ ಮುಂದಿನದು 7(11): ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಬೇಡ. ಮೂರೂವರೆ ಗಂಟೆಯ ಐಪಿಎಲ್ ಮ್ಯಾಚಿಗೆ ಆ ಲೆಕ್ಕದಲ್ಲೇ 42 ನಿಮಿಷ ಸಿಗ್ತದೆ. ನಲವತ್ತೆರಡು ನಿಮಿಷ ಕೈಯಲ್ಲಿದ್ದವನಿಗೆ ಪರದೆಯ ಕೆಳಗಿನ ಎರಡು ಬೆರಳಿನ ಜಾಗವೂ ಬೇಕು.

2012ರಲ್ಲಿ ಟ್ರಾಯ್ ಇನ್ನೂ ಸ್ಪಷ್ಟವಾಗಿ ಬರೆದಿತ್ತು. ನೇರ ಪ್ರಸಾರದ ಆಟಗಳಲ್ಲಿ ಆಟ ನಿಂತಾಗ ಮಾತ್ರ ಜಾಹೀರಾತು, ಅರ್ಧ ಪರದೆಯ ಜಾಹೀರಾತು ಇಲ್ಲವೇ ಇಲ್ಲ ಅಂತ. ಚಾನೆಲ್‌ಗಳು ಗದ್ದಲ ಎಬ್ಬಿಸಿದವು. 2013ರ ತಿದ್ದುಪಡಿಯಲ್ಲಿ ಆ ಸಾಲುಗಳೇ ಇರಲಿಲ್ಲ, ಉಳಿದದ್ದು 12 ನಿಮಿಷದ ಮಿತಿ ಒಂದು. ನೋಡುಗರ ಪರವಾಗಿ ಗದ್ದಲ ಎಬ್ಬಿಸೋಕೆ ಯಾರಿದ್ದರು? ರೈತರಿಗೆ ಸಂಘ ಇದೆ, ನೇಕಾರರಿಗೆ ಸಂಘ ಇದೆ, ಟಿವಿ ನೋಡೋರಿಗೆ ಒಂದು ಹಸಿರು ಶಾಲಾದರೂ ಬೇಡವೇ?

ಇಲ್ಲಿ ನನ್ನ ಕಸುಬಿನ ಮಾತು ಒಂದಿಷ್ಟು. "ಅದು ಆಟೊಮ್ಯಾಟಿಕ್ ಆಗಿ ಬರ್ತದ, ಕಂಪ್ಯೂಟರ್ ಮಾಡ್ತದ, ಯಾರ್ ಏನ್ ಮಾಡಾಕ ಬರ್ತದ" ಅಂತ ಊರಲ್ಲಿ ಒಬ್ಬರು ಸಮಾಧಾನ ಹೇಳಿದರು. ಸುಳ್ಳು. ಪ್ರಸಾರದ ಹರಿವಿನಲ್ಲಿ ಜಾಹೀರಾತು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಅಂತ ಒಂದು ಗುರುತು ಹಾಕ್ತಾರೆ. ಎಸ್‌ಸಿಟಿಇ-35 ಅಂತ ಅದರ ಹೆಸರು. ನೇರ ಪ್ರಸಾರದಲ್ಲಿ ಆ ಗುರುತು ಯಾವ ಕ್ಷಣಕ್ಕೆ ಬೀಳಬೇಕು ಅನ್ನೋದನ್ನ ಮ್ಯಾಚ್ ನೋಡ್ತಾ ಕೂತ ಮನುಷ್ಯ ತೀರ್ಮಾನ ಮಾಡ್ತಾನೆ. ಗುಂಡಿ ಒತ್ತೋದನ್ನ ಮೂರು ಸೆಕೆಂಡ್ ತಡ ಮಾಡೋಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ನಿನ್ನ ಬೆರಳಿಗೆ ಸ್ವಲ್ಪ ತಾಳ್ಮೆ ಇರಲಿ ಅಂತ ಮೇಲಿನವರು ಹೇಳಿದರೆ ಸಾಕು. ಹೇಳೋದಿಲ್ಲ, ಯಾಕಂದ್ರೆ ಮೂವತ್ತೆಂಟು ಬಿಡುವಿಗೆ ಮೂರು ಸೆಕೆಂಡಿನಂತೆ ಕೂಡಿಸಿದರೆ ಸುಮಾರು ಎರಡು ನಿಮಿಷ. ಎರಡು ನಿಮಿಷ ಅಂದ್ರೆ ಹತ್ತು ಸೆಕೆಂಡಿನ ಹನ್ನೊಂದು ಜಾಹೀರಾತು.

ಫೋನಿನಲ್ಲಿ ನೋಡೋರ ಗೋಳು ಇನ್ನೊಂದು ಥರದ್ದು. ಹೊಲದಲ್ಲಿ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸ್ತಾ, ಬದುವಿನ ಮೇಲೆ ಕೂತು ಮ್ಯಾಚ್ ನೋಡೋ ಹುಡುಗರು ನಮ್ಮ ಕಡೆ ಬಹಳ. ಹೊಳಿ ದಂಡಿ ಊರುಗಳಲ್ಲಿ ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮ್ಯಾಚ್ ಬಂದಾಗ ಚಕ್ರ ಗಿರಗಿರ ತಿರುಗ್ತದೆ, ಜಾಹೀರಾತು ಬಂದಾಗ ಮಾತ್ರ ಕನ್ನಡಿ ಹಾಗೆ ನಿಚ್ಚಳ. "ಅಣ್ಣಾ, ಇವ್ರು ಬೇಕಂತನ ಹಿಂಗ ಮಾಡ್ತಾರನು?" ಅಂತ ತಮ್ಮ ಕೇಳ್ತಾನೆ. ಬೇಕಂತ ಅಲ್ಲ. ಮ್ಯಾಚಿನ ಚಿತ್ರ ಆ ಕ್ಷಣದಲ್ಲಿ ಹುಟ್ಟಿ, ಕೆಲವು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿಕೊಂಡು ಬರಬೇಕು. ಒಂದು ತುಣುಕು ತಡವಾದರೂ ಫೋನು ಕಾಯ್ತದೆ. ಜಾಹೀರಾತು ಮೊದಲೇ ತಯಾರಾದ ಫೈಲು, ನಿಮ್ಮ ಹತ್ತಿರದ ಸರ್ವರಿನಲ್ಲಿ ಬಂದು ಕೂತಿರ್ತದೆ. ಅದಕ್ಕೇ ಅದು ನಿಚ್ಚಳ. ಇದೇ ಕಾರಣಕ್ಕೆ ಕೇಬಲ್ ಇದ್ದ ಮನೆಯಲ್ಲಿ "ಹೋತಲೇ!" ಅಂತ ಕೂಗು ಎದ್ದು ಎಷ್ಟೋ ಹೊತ್ತಿನ ಮೇಲೆ ಫೋನಿನಲ್ಲಿ ಬೌಲರ್ ಓಡೋಕೆ ಶುರು ಮಾಡ್ತಾನೆ. ಇದು ತಾಂತ್ರಿಕ ಮಿತಿ, ಇದಕ್ಕೆ ನಾನು ಯಾರನ್ನೂ ಬೈಯೋದಿಲ್ಲ. ತಿಂಗಳ ಚಂದಾ ಕಟ್ಟಿದವನಿಗೂ ಮ್ಯಾಚಿನಲ್ಲಿ ಅಷ್ಟೇ ಜಾಹೀರಾತು ತುರುಕೋದು ತಾಂತ್ರಿಕ ಮಿತಿ ಅಲ್ಲ. ಹೋಟೆಲಿನಲ್ಲಿ ಊಟದ ದುಡ್ಡು ತಗೊಂಡು ಆಮೇಲೆ ಪಾತ್ರೆಯನ್ನೂ ತೊಳೆಸಿಕೊಂಡ ಹಾಗೆ.

ಇನ್ನು ಏನನ್ನು ಮಾರ್ತಾರೆ ಅನ್ನೋ ಮಾತು. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ತಂಬಾಕಿನ ಜಾಹೀರಾತು 2003ರ ಕಾಯ್ದೆಯಲ್ಲೇ ನಿಷೇಧ. ಅದಕ್ಕೆ ಅವರು ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಏಲಕ್ಕಿ ಮಾರ್ತಾರೆ. ನಮ್ಮ ಊರಿನ ಯಾವ ಪಾನ್ ಅಂಗಡಿಯಲ್ಲಿ ಆ ಏಲಕ್ಕಿ ಕೇಳಿಕೊಂಡು ಬಂದವನನ್ನು ನಾನು ಇವತ್ತಿಗೂ ನೋಡಿಲ್ಲ. ಕೇಳೋದು ಪುಡಿಯನ್ನೇ. ಮಗ್ಗದ ಶೆಡ್ಡಿನಲ್ಲಿ ನೂಲಿನ ಪಕ್ಕ ಬೀಡಿ ಹಚ್ಚೋ ಹಾಗಿಲ್ಲ, ಹೀಗಾಗಿ ಬಾಯಲ್ಲಿ ಪುಡಿ. ಕಬ್ಬು ಕಡಿಯೋ ಗ್ಯಾಂಗಿನವರಿಗೂ ಅದೇ. ನಾಯಕ ನಟರು ಅಲ್ಲಿ ನಕ್ಕರೆ ಇಲ್ಲಿ ಹದಿನಾರರ ಹುಡುಗನ ಬಾಯಿ ಪೂರಾ ತೆರೆಯೋದಿಲ್ಲ. 2025ರ ಮಾರ್ಚಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು, ತಂಬಾಕು, ಮದ್ಯ ಮತ್ತು ಅವುಗಳ ಮರೆಮಾಚಿದ ಜಾಹೀರಾತು ನಿಲ್ಲಿಸಿ ಅಂತ ಕೇಳಿಕೊಂಡಿತು. ಕೇಳಿಕೊಂಡಿತು, ಅಷ್ಟೇ. ಸರ್ಕಾರ ಕ್ರಿಕೆಟಿನವರನ್ನು ಕೇಳಿಕೊಳ್ಳುತ್ತದೆ. ನಮಗೆ ಮಾತ್ರ ನೋಟಿಸ್ ಕೊಡುತ್ತದೆ.

ಫ್ಯಾಂಟಸಿ ಆಟದ್ದು ಇದಕ್ಕಿಂತ ದೊಡ್ಡ ಗಾಯ. ಐದಾರು ವರ್ಷ ಓವರ್ ಓವರಿಗೂ ಅದೇ ಜಾಹೀರಾತು. ದೊಡ್ಡ ದೊಡ್ಡ ಆಟಗಾರರೇ ಬಂದು ತಂಡ ಕಟ್ಟಿ, ದುಡ್ಡು ಗೆಲ್ಲಿ ಅಂತಿದ್ದರು. ಜಾಹೀರಾತು ಗುಣಮಟ್ಟ ಮಂಡಳಿ 2020ರ ಡಿಸೆಂಬರಿನಲ್ಲಿ ಇದಕ್ಕೊಂದು ಎಚ್ಚರಿಕೆ ಕಡ್ಡಾಯ ಮಾಡಿತು: ಇದರಲ್ಲಿ ಆರ್ಥಿಕ ಅಪಾಯ ಇದೆ, ಚಟವಾಗಬಹುದು ಅಂತ, ಸಾಮಾನ್ಯ ಮಾತಿನ ವೇಗದಲ್ಲಿ ಹೇಳಬೇಕು ಅಂತ. ನೀವು ಕೇಳಿದ್ದೀರಲ್ಲ, ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗೋದಕ್ಕಿಂತ ಜೋರಾಗಿ ಓಡ್ತಿತ್ತು ಆ ದನಿ. ನಮ್ಮ ಸಂಬಂಧಿಕರಲ್ಲೇ ಒಬ್ಬ, ಹೆಸರು ಬೇಡ, ಕಬ್ಬಿನ ಬಿಲ್ ಬ್ಯಾಂಕಿಗೆ ಬಂದ ವಾರದಲ್ಲೇ ಫೋನಿನಲ್ಲಿ ತಂಡ ಕಟ್ಟಿ ಕಟ್ಟಿ ಬರಿಗೈ ಆದ. ವರ್ಷದ ಬೆಳೆ. ಅವನ ಹೆಂಡತಿಗೆ ಗೊತ್ತಾಗಿದ್ದು ಸೊಸೈಟಿಯವರು ಸಾಲದ ಕಂತು ಕೇಳೋಕೆ ಮನೆಗೆ ಬಂದಾಗ. ಅವನನ್ನು ಬೈದವರೆಲ್ಲ ಅವನನ್ನೇ ಬೈದರು, ದುರಾಸೆ ಅಂದ್ರು. ಎರಡು ತಿಂಗಳ ಕಾಲ ದಿನಾ ರಾತ್ರಿ ಅವನ ಮನೆಯೊಳಗೇ ಬಂದು, ತಾನು ದೇವರಂತೆ ನೋಡೋ ಆಟಗಾರನೇ ಕೈ ಹಿಡಿದು ಕರೆದದ್ದನ್ನು ಯಾರೂ ಮಾತಾಡಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿ ದುಡ್ಡು ಕಟ್ಟಿ ಆಡೋ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸಿತು. ಆಮೇಲೆ ಏನಾಯ್ತು? ಕ್ರಿಕೆಟ್ ನಿಂತುಹೋಯ್ತಾ? ಭಾರತ ತಂಡದ ಅಂಗಿ ಮೇಲಿದ್ದ ಪ್ರಾಯೋಜಕರು ಹೋದರು. ಸೆಪ್ಟೆಂಬರಿನ ಏಷ್ಯಾ ಕಪ್ಪನ್ನು ನಮ್ಮವರು ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿದರು, ಗೆದ್ದರು ಕೂಡ. "ಜಾಹೀರಾತು ಮುಟ್ಟಿದರೆ ಆಟವೇ ಮುಳುಗ್ತದೆ" ಅನ್ನೋರಿಗೆ ನಾನು ಆ ಬರಿ ಅಂಗಿಯ ಫೋಟೊ ಕಳಿಸ್ತೀನಿ. ಮನಸ್ಸು ಮಾಡಿದರೆ ಆಗ್ತದೆ. ಮನಸ್ಸು ಮಾಡಿಸೋದು ನಮ್ಮ ಕೈಯಲ್ಲಿದೆ.

ಕೇಬಲ್ ಬೇಡ, ಸರ್ಕಾರಿ ಚಾನೆಲ್ಲೇ ನೋಡ್ರಿ ಅಂತೀರಾ? ಅಲ್ಲೂ ಒಂದು ಮಜಾ ಇದೆ. ಗಾಳಿಯಲ್ಲಿ ಹರಿಯುವ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು, ಅದೂ ಒಂದು ಕ್ರಿಕೆಟ್ ಪ್ರಸಾರದ ಜಗಳದಲ್ಲೇ. 2007ರಲ್ಲಿ ಕಾಯ್ದೆ ಬಂತು: ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿಯವರು ಪ್ರಸಾರ ಭಾರತಿಗೆ ಹಂಚಬೇಕು. ಬಡವನೂ ನೋಡಲಿ ಅಂತ. ಆದರೆ 2017ರ ಆಗಸ್ಟಿನಲ್ಲಿ ಅದೇ ಕೋರ್ಟು, ಆ ಸಿಗ್ನಲ್ ದೂರದರ್ಶನದ ಸ್ವಂತ ಜಾಲಕ್ಕೆ ಮತ್ತು ಡಿಡಿ ಫ್ರೀ ಡಿಶ್‌ಗೆ ಮಾತ್ರ, ಕೇಬಲ್ಲಿನವರಿಗೆ ಇಲ್ಲ ಅಂದಿತು. ಹೀಗಾಗಿ ಕೇಬಲ್ಲಿಗೆ ದುಡ್ಡು ಕಟ್ಟೋ ಮನೆಯಲ್ಲಿ ದೂರದರ್ಶನ ಹಾಕಿದರೆ ಭಾರತದ ಮ್ಯಾಚ್ ಇಲ್ಲ, ಫ್ರೀ ಡಿಶ್ ಕೂರಿಸಿದ ಗುಡಿಸಲಲ್ಲಿ ಇದೆ. ಗುಡಿಸಲಿನವನಿಗೆ ಸಿಕ್ಕಿದ್ದಕ್ಕೆ ಸಂತೋಷವೇ. ಐಪಿಎಲ್ ಮಾತ್ರ ಆ ಪಟ್ಟಿಯಲ್ಲೇ ಇಲ್ಲ, ಅದು ಪೂರಾ ದುಡ್ಡಿನ ಮಾಲು. ಮೂಲ ಶುಲ್ಕ, ಅದರ ಮೇಲೆ ಚಾನೆಲ್ಲಿನ ದರ, ಅದರ ಮೇಲೆ ಶೇ 18 ಜಿಎಸ್‌ಟಿ.

ಒಂದು ಅಡ್ಡಮಾತು. ಇಷ್ಟು ಕ್ರೀಡಾ ಚಾನೆಲ್‌ಗಳಿದ್ದರೂ ನಮ್ಮ ಸೀಮೆಯ ಆಟ ಯಾವುದೂ ಅವುಗಳಲ್ಲಿ ಕಾಣೋದಿಲ್ಲ. ವಿಜಯಪುರ, ಬಾಗಲಕೋಟೆ ಅಂದ್ರೆ ಸೈಕ್ಲಿಂಗಿಗೆ ತವರು, ಬೆಳಗ್ಗೆ ಐದಕ್ಕೇ ರಸ್ತೆಗಿಳಿಯೋ ಹುಡುಗ ಹುಡುಗಿಯರಿದ್ದಾರೆ. ಅವರ ರೇಸ್ ಯಾವ ಟಿವಿಯಲ್ಲೂ ಬರೋದಿಲ್ಲ. ತೆರಬಂಡಿ, ಗುಂಡು ಎತ್ತೋದು, ಜಂಗಿ ಕುಸ್ತಿ ಎಲ್ಲ ಊರಿನ ಹುಡುಗರು ಮೊಬೈಲ್ ಹಿಡಿದು ಯೂಟ್ಯೂಬಿಗೆ ಹಾಕಿದರೆ ಉಂಟು. ಅಲ್ಲೂ ಜಾಹೀರಾತು ಇರ್ತದೆ. ಮೈಕಿನವನು ಗೊಬ್ಬರದ ಅಂಗಡಿ ಹೆಸರು, ಬಹುಮಾನ ಕೊಟ್ಟ ಗೌಡರ ಹೆಸರು ನೂರು ಸಲ ಹೇಳ್ತಾನೆ. ಆದರೆ ಎತ್ತುಗಳು ಎಳೆಯೋಕೆ ಶುರು ಮಾಡಿದವು ಅಂದ್ರೆ ಬಾಯಿ ಮುಚ್ತಾನೆ. ಮುಚ್ಚದಿದ್ದರೆ ಮಂದಿ ಮುಚ್ಚಿಸ್ತಾರೆ.

ಆ ಮಂದಿಯ ಕೆಲಸವನ್ನು ಟಿವಿ ಮುಂದೆ ಕೂತೂ ಮಾಡಬಹುದು. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ತಿದ್ದುಪಡಿ ಬಂದಿದೆ. ಕಾರ್ಯಕ್ರಮ ಸಂಹಿತೆ, ಜಾಹೀರಾತು ಸಂಹಿತೆ ಮುರಿದರೆ ಯಾವ ನೋಡುಗನಾದರೂ ಚಾನೆಲ್ಲಿಗೇ ಬರೆದು ದೂರು ಕೊಡಬಹುದು. ದೂರು ಬಂತು ಅಂತ ಅವರು 24 ಗಂಟೆಯಲ್ಲಿ ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದಿದ್ದರೆ ಮುಂದಿನ 15 ದಿನದಲ್ಲಿ ಚಾನೆಲ್‌ಗಳದೇ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು, ಅದರ ಮೇಲೆ ಕೇಂದ್ರ ಸರ್ಕಾರದ ಸಮಿತಿ. ದುಡ್ಡು ಖರ್ಚಿಲ್ಲ, ವಕೀಲ ಬೇಕಿಲ್ಲ. ಒಂದು ದೂರಿಗೆ ಅವರು ಕಿಮ್ಮತ್ತು ಕೊಡಲಿಕ್ಕಿಲ್ಲ. ನಾಲ್ಕು ತಾಲ್ಲೂಕಿನಿಂದ ಒಂದೇ ಮ್ಯಾಚಿನ ಮೇಲೆ ನಾಲ್ಕುನೂರು ದೂರು ಹೋದರೆ ಒಬ್ಬನಾದರೂ ಕೂತು ಉತ್ತರ ಬರೀಬೇಕಾಗ್ತದೆ. ಫೋನಿನ ಆ್ಯಪ್‌ಗಳಿಗೆ ಈ ಕೇಬಲ್ ನಿಯಮ ಅನ್ವಯ ಆಗೋದಿಲ್ಲ. ಅಲ್ಲಿನದು ಬೇರೆ ಜಗಳ, ಮೊದಲು ಟಿವಿಯದು ಮಾಡೋಣ.

ಕಾಕಾಗೆ ಇದನ್ನೆಲ್ಲ ಹೇಳಿದಾಗ ಆತ ಮೊದಲು ಕೇಳಿದ್ದು, "ಇಂಗ್ಲಿಷಿನ್ಯಾಗ ಬರೀಬೇಕನು?"

"ಯಾಕ್ ಕಾಕಾ, ಕನ್ನಡದಾಗ ಪುಡಿ ಮಾರಾಕ ಬರ್ತೈತೆಲ್ಲ ಅವ್ರಿಗೆ? ಕನ್ನಡದಾಗ ಓದಾಕೂ ಬರ್ತೈತಿ. ಕನ್ನಡದಾಗ ಬರಿ."

ಹೆಚ್ಚು ಬರೆಯೋದೂ ಬೇಡ. ಚಾನೆಲ್ ಹೆಸರು, ತಾರೀಖು, ಯಾವ ಮ್ಯಾಚು. ಎಷ್ಟನೇ ಓವರಿನ ಆರನೇ ಬಾಲ್ ಪೂರ್ತಿ ತೋರಿಸಲಿಲ್ಲ, ಎಷ್ಟನೇ ಓವರಿನಲ್ಲಿ ಆಟ ನಡೆಯುವಾಗ ಪರದೆಯ ಕೆಳಗೆ ಯಾವ ಜಾಹೀರಾತು ಬಂತು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ. ಮೊಬೈಲಲ್ಲಿ ಪರದೆಯ ಒಂದು ಫೋಟೊ. ಮೇಲೆ, ವಿಷಯ ಅನ್ನೋ ಕಡೆ, ನಿಯಮ 7(10). ಕಾಕಾ ಮೊಮ್ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಿಗೆ ಗೆರೆ ಹೊಡೆದು ಇಟ್ಟುಕೊಂಡಿದ್ದಾನೆ. ಒಂದು ಕಡೆ ಓವರ್, ಇನ್ನೊಂದು ಕಡೆ ಬಾಲ್, ಮೂರನೇ ಕಡೆ ಜಾಹೀರಾತಿನ ಹೆಸರು.